ಮಳೆಗಾಲ ತಾಳುವ ಕೆಲಸ ಬೇಕಾದರೆ ಟೆಂಡರ್ ಹೀಗೆ ಕರೆಯಿರಿ

ನಮ್ಮೂರು ಮೂಡಿಗೆರೆ ತಾಲ್ಲೂಕಿನಲ್ಲಿದೆ. ಶಾಲೆಗೆ ಹೋಗುವ ಅರ್ಧ ಕಿಲೋಮೀಟರ್ ರಸ್ತೆಗೆ ಒಂದು ಸಲ ಡಾಂಬರು ಬಿತ್ತು. ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು. ಆಗಸ್ಟ್ ಹೊತ್ತಿಗೆ ಮೋರಿಯ ಹತ್ತಿರ ಡಾಂಬರು ಎದ್ದುಹೋಗಿ ಜಲ್ಲಿ ಕಾಣುತ್ತಿತ್ತು. ನಾನು ಆಗ ಗ್ರಾಮ ಪಂಚಾಯಿತಿ ಸದಸ್ಯ. ಎಂಜಿನಿಯರ್ ಹತ್ತಿರ ಹೋಗಿ, "ಇವರಿಗೇ ಯಾಕೆ ಸಾರ್ ಕೆಲಸ ಕೊಟ್ಟಿರಿ?" ಎಂದು ಕೇಳಿದೆ. "ಅವರೇ ಎಲ್-ಒನ್ ಕಣ್ರೀ. ಎಸ್ಟಿಮೇಟಿಗಿಂತ ಶೇ 22 ಬಿಲೋ ಹಾಕಿದ್ರು. ಕವರ್ ತೆರೆದ ಮೇಲೆ ನಮ್ಮ ಕೈಲಿ ಏನಿರುತ್ತೆ?" ಅಂದರು.

ಎಲ್-ಒನ್ ಅಂದರೆ ಅತಿ ಕಡಿಮೆ ದರ ಹಾಕಿದವರು, ಬಿಲೋ ಅಂದರೆ ಅಂದಾಜು ವೆಚ್ಚಕ್ಕಿಂತ ಕೆಳಗೆ, ಕವರ್ ಅಂದರೆ ಗುತ್ತಿಗೆದಾರರು ದರ ಬರೆದು ಮುಚ್ಚಿ ಕೊಡುವ ಲಕೋಟೆ. ಎಂಜಿನಿಯರ್ ಹೇಳಿದ್ದು ನಿಜ. ಕವರ್ ತೆರೆದ ಮೇಲೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಕವರ್ ಕರೆಯುವ ಮೊದಲು ಬೇಕಾದಷ್ಟು ಇತ್ತು. ಟೆಂಡರ್ ದಾಖಲೆಯಲ್ಲಿ ದರ ಬಿಟ್ಟು ಬೇರೆ ಏನನ್ನೂ ಕೇಳದಿದ್ದರೆ ದರ ನೋಡಿಯೇ ಕೆಲಸ ಕೊಡಬೇಕು. ಈ ಒಂದು ವಿಷಯ ಅರ್ಥವಾಗಲು ನನಗೆ ಐದು ವರ್ಷದ ಸದಸ್ಯತ್ವ ಬೇಕಾಯಿತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪಂಚಾಯಿತಿ ಅಥವಾ ಪುರಸಭೆಯ ಸದಸ್ಯರಾಗಿರುವವರು, ಪಿಡಿಒಗಳು, ಹೊಸದಾಗಿ ಸೇರಿದ ಎಂಜಿನಿಯರ್‌ಗಳು, ಶಾಲಾಭಿವೃದ್ಧಿ ಸಮಿತಿಯವರು, ಸಣ್ಣ ಗುತ್ತಿಗೆದಾರರು, ಇವರಿಗೆಲ್ಲ ಅಷ್ಟು ಕಾಲ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು ನೋಡಿಕೊಳ್ಳಿ

"ಕಾನೂನೇ ಎಲ್-ಒನ್‌ಗೆ ಕೊಡಿ ಅನ್ನುತ್ತೆ" ಎನ್ನುವುದು ಪೂರ್ತಿ ಸರಿಯಲ್ಲ. ನಮ್ಮಲ್ಲಿ ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು ಅದರ 2000ದ ನಿಯಮಗಳು. ಕಚೇರಿಗಳಲ್ಲಿ ಕೆಟಿಪಿಪಿ ಅಂತಾರಲ್ಲ, ಅದೇ. ಆ ನಿಯಮಗಳು ಮಾತಾಡುವುದು ಬರೀ ಕಡಿಮೆ ದರದ ಬಗ್ಗೆ ಅಲ್ಲ. ದಾಖಲೆಯಲ್ಲಿ ಹೇಳಿದ ಮಾನದಂಡದ ಪ್ರಕಾರ ಲೆಕ್ಕ ಹಾಕಿದ ಮೇಲೆ ಬರುವ ಅತಿ ಕಡಿಮೆ ಬೆಲೆ, ಅಥವಾ ಆ ಮಾನದಂಡದಲ್ಲಿ ಅತಿ ಹೆಚ್ಚು ಅಂಕ, ಎರಡಕ್ಕೂ ಅಲ್ಲಿ ಜಾಗ ಇದೆ. ದರ ನೋಡುವ ಮೊದಲೇ ಅರ್ಹರನ್ನು ಆರಿಸುವ ಪೂರ್ವಾರ್ಹತೆಗೂ ಇದೆ, ಎರಡು ಕವರ್ ಪದ್ಧತಿಗೂ ಇದೆ. ತಾಂತ್ರಿಕ ಕವರ್ ಮೊದಲು ತೆರೆಯುತ್ತಾರೆ. ಅದರಲ್ಲಿ ಪಾಸಾದವರ ದರದ ಕವರ್ ಮಾತ್ರ ಆಮೇಲೆ ತೆರೆಯುತ್ತಾರೆ.

ಕೇಂದ್ರ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2021ರ ಅಕ್ಟೋಬರ್ 29ರಂದು ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳ ಪ್ರಕಾರ, ಗುಣಮಟ್ಟ ಮುಖ್ಯ ಎಂದು ಮೊದಲೇ ಘೋಷಿಸಿದ ಕಾಮಗಾರಿಗಳಲ್ಲಿ ದರದ ಜೊತೆ ಗುಣಮಟ್ಟಕ್ಕೂ ಅಂಕ ಕೊಡಬಹುದು. ಆದರೆ ಗುಣಮಟ್ಟದ ಪಾಲು ಶೇ 30 ಮೀರಬಾರದು. ಇದು ಕೇಂದ್ರದ ಇಲಾಖೆಗಳಿಗೆ ಅನ್ವಯಿಸುತ್ತದೆ, ನಮ್ಮ ಪಂಚಾಯಿತಿಗೆ ನೇರವಾಗಿ ಅಲ್ಲ. ಯುರೋಪಿನ ದೇಶಗಳು 2014ರ ನಿರ್ದೇಶನದಲ್ಲೇ ದರದ ಜೊತೆ ಗುಣಮಟ್ಟ, ಬಾಳಿಕೆಯ ಖರ್ಚು ಎಲ್ಲ ಸೇರಿಸಿ ನೋಡುವ ದಾರಿ ಹಿಡಿದವು. ವಿಶ್ವಬ್ಯಾಂಕ್ ಕೂಡ 2023ರ ಸೆಪ್ಟೆಂಬರ್‌ನಿಂದ ತನ್ನ ಬಹುತೇಕ ಅಂತರರಾಷ್ಟ್ರೀಯ ಟೆಂಡರ್‌ಗಳಲ್ಲಿ ಅಂಕ ಕೊಡುವುದನ್ನು ಕಡ್ಡಾಯ ಮಾಡಿದೆ.

ಒಂದು ಎಚ್ಚರಿಕೆ. ಕಾಮಗಾರಿಗಳಿಗೆ ರಾಜ್ಯ ಸರ್ಕಾರದ ಕೆಡಬ್ಲ್ಯೂ ಸರಣಿಯ ಮಾದರಿ ಟೆಂಡರ್ ದಾಖಲೆಗಳಿವೆ. ಅವನ್ನು ಬಿಟ್ಟು ಅಂಕದ ಪದ್ಧತಿಗೆ ಹೋಗುವ ಮೊದಲು ಮೇಲಿನಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಬಾಯಿಮಾತಿನ "ಮಾಡಿ, ಏನಾಗಲ್ಲ" ನಂಬಬೇಡಿ. ಅನುಮತಿ ಸಿಗದಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಕೆಳಗೆ ಹೇಳಿರುವುದರಲ್ಲಿ ಅಂಕದ ಭಾಗ ಬಿಟ್ಟು ಹೆಚ್ಚಿನದೆಲ್ಲ ಈಗಿರುವ ಚೌಕಟ್ಟಿನೊಳಗೇ ಆಗುತ್ತದೆ.

ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ

ಕಾಂಪೌಂಡ್ ಗೋಡೆ, ಬಸ್ ತಂಗುದಾಣ, ಬಯಲಿನ ಸಣ್ಣ ಚರಂಡಿ, ಇಂಥದ್ದಕ್ಕೆ ಕಡಿಮೆ ದರವೇ ಸಾಕು. ಕೆಲಸ ಏನೆಂದು ಎಲ್ಲರಿಗೂ ಗೊತ್ತು, ತಪ್ಪಾದರೆ ಕಣ್ಣಿಗೆ ಕಾಣುತ್ತದೆ. ಗುಡ್ಡದ ಬದಿಯ ತಡೆಗೋಡೆ, ಹಳ್ಳದ ಸೇತುವೆ, ನೀರಿನ ಓವರ್‌ಹೆಡ್ ಟ್ಯಾಂಕ್, ಶಾಲಾ ಕಟ್ಟಡ, ಮಲೆನಾಡಿನ ಡಾಂಬರು ರಸ್ತೆ ಬೇರೆ ಥರ. ಇಲ್ಲಿ ತಪ್ಪು ಒಳಗೆ ಮುಚ್ಚಿಹೋಗುತ್ತದೆ. ತಡೆಗೋಡೆಯ ಹಿಂದೆ ನೀರು ಬಸಿಯಲು ಜಲ್ಲಿ ತುಂಬಿದ್ದಾರೋ ಬರೀ ಮಣ್ಣು ಎಳೆದಿದ್ದಾರೋ, ಗೋಡೆ ನಿಂತ ಮೇಲೆ ಯಾರಿಗೂ ಕಾಣುವುದಿಲ್ಲ. ಚಾರ್ಮಾಡಿಯಲ್ಲಿ 2019ರ ಆಗಸ್ಟ್‌ನಲ್ಲಿ, ಶಿರಾಡಿಯ ಕಡೆ 2024ರ ಜುಲೈನಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆದದ್ದು ನಮಗೆಲ್ಲ ನೆನಪಿದೆ. ಮಳೆ ನಮ್ಮ ಕಡೆ ಯಾವ ಕೆಲಸವನ್ನೂ ಸುಮ್ನೆ ಬಿಡುವುದಿಲ್ಲ. ವರ್ಷಕ್ಕೆ ಎರಡೋ ಮೂರೋ ಇಂಥ ಕಾಮಗಾರಿ ಆರಿಸಿಕೊಂಡು ಅವುಗಳ ಮೇಲೆ ಶ್ರಮ ಹಾಕಿ.

ಮಳೆಯಲ್ಲೇ ಜಾಗ ನೋಡಿ

ಕೆಟ್ಟ ಕೆಲಸದ ಬೇರು ಎಷ್ಟೋ ಸಲ ಎಸ್ಟಿಮೇಟಿನಲ್ಲೇ ಇರುತ್ತದೆ. ಕಡೂರಿನ ಬಯಲಿಗೆ ಬರೆದ ಎಸ್ಟಿಮೇಟನ್ನು ಕೊಪ್ಪಕ್ಕೂ, ಅರಸೀಕೆರೆಗೆ ಬರೆದದ್ದನ್ನು ಸಕಲೇಶಪುರಕ್ಕೂ ಹೆಸರು ಬದಲಿಸಿ ಕಳಿಸಿದರೆ ಏನಾಗುತ್ತದೆ? ಚರಂಡಿ ಇರುವುದಿಲ್ಲ, ಮೋರಿ ಸಾಲುವುದಿಲ್ಲ. ಡಾಂಬರಿಗೆ ಶತ್ರು ನೀರು. ಮರದ ನೆರಳಿನಲ್ಲಿ ರಸ್ತೆ ಒಣಗುವುದೇ ಇಲ್ಲ. ಬದಿಯ ಚರಂಡಿ ಇಲ್ಲದ ಮಲೆನಾಡಿನ ರಸ್ತೆಯನ್ನು ಯಾವ ಒಳ್ಳೆಯ ಗುತ್ತಿಗೆದಾರನೂ ಉಳಿಸಲಾರ.

ಹಾಗಾಗಿ ಜುಲೈನಲ್ಲಿ, ಕೊಡೆ ಹಿಡಿದು, ಎಂಜಿನಿಯರ್ ಜೊತೆ ಜಾಗಕ್ಕೆ ಹೋಗಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ರಸ್ತೆಯನ್ನು ಎಲ್ಲಿ ದಾಟುತ್ತದೆ, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಅಕ್ಕಪಕ್ಕದ ತೋಟದವರನ್ನು ಕೇಳಿ, ಅವರಿಗೆ ಪ್ರತಿಯೊಂದು ಒರತೆಯೂ ಗೊತ್ತಿರುತ್ತದೆ. ಆಮೇಲೆ ಎಸ್ಟಿಮೇಟ್ ಬರೆಸಿ. ಹಣ ಸಾಲದೆ ಹೋದರೆ ರಸ್ತೆಯ ಉದ್ದ ಕಡಿಮೆ ಮಾಡಿ, ಚರಂಡಿ ಬಿಡಬೇಡಿ. ಸಭೆಯಲ್ಲಿ ಇದನ್ನು ಒಪ್ಪಿಸುವುದು ಕಷ್ಟ, ನನಗೆ ಗೊತ್ತು. ಪ್ರತಿ ಸದಸ್ಯರಿಗೂ ತಮ್ಮ ಮನೆಯ ಮುಂದಿನವರೆಗೆ ಡಾಂಬರು ಬರಬೇಕು ಎಂದಿರುತ್ತದೆ. ಜುಲೈನ ಫೋಟೋಗಳನ್ನು ಅಲ್ಲಿ ತೋರಿಸಿ.

ಕ್ಯಾಲೆಂಡರ್ ತಿರುಗಿಸಿ

ನಮ್ಮಲ್ಲಿ ಮಾಮೂಲಿಯಾಗಿ ಆಗುವುದು ಹೀಗೆ: ಅನುದಾನ ತಡವಾಗಿ ಬರುತ್ತದೆ, ಫೆಬ್ರುವರಿಯಲ್ಲಿ ಟೆಂಡರ್, ಏಪ್ರಿಲ್‌ನಲ್ಲಿ ಕಾರ್ಯಾದೇಶ, ಮೇ ತಿಂಗಳಲ್ಲಿ ಓಡೋಡಿ ಕೆಲಸ, ಜೂನ್‌ನಲ್ಲಿ ಮಳೆ. ಒದ್ದೆ ನೆಲದ ಮೇಲೆ ಡಾಂಬರು ಹಿಡಿಯುವುದಿಲ್ಲ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟ್ ಆದರೆ 10 ದಿನ ನೀರುಣಿಸಬೇಕು. ಅವಸರದಲ್ಲಿ ಮೊದಲು ತಪ್ಪಿಹೋಗುವುದು ಅದೇ.

ಆಗುವುದಾದರೆ ಆಗಸ್ಟ್‌ನಲ್ಲೇ ಟೆಂಡರ್ ಕರೆಯಿರಿ. ಅಕ್ಟೋಬರ್‌ನಲ್ಲಿ ಕಾರ್ಯಾದೇಶ ಕೊಟ್ಟರೆ ಮಳೆ ಬಿಟ್ಟ ಕೂಡಲೇ ಕೆಲಸ ಶುರು ಮಾಡಬಹುದು. ಕಾಫಿ ಕೊಯ್ಲನ್ನೂ ಮರೆಯಬೇಡಿ. ನವೆಂಬರ್‌ನಲ್ಲಿ ಅರೇಬಿಕಾ ಶುರುವಾದರೆ ರೊಬಸ್ಟಾ ಮುಗಿಯುವ ತನಕ ಆಳುಗಳು ಸಿಗುವುದು ಕಷ್ಟ, ಕೂಲಿಯೂ ಜಾಸ್ತಿ. ಹೊರಗಿನಿಂದ ಬರುವ ಗುತ್ತಿಗೆದಾರನಿಗೆ ಇದು ಗೊತ್ತಿರುವುದಿಲ್ಲ. ಅವನು ಕಡಿಮೆ ಕೂಲಿ ಲೆಕ್ಕ ಹಾಕಿ ಕಡಿಮೆ ದರ ಹಾಕುತ್ತಾನೆ, ಡಿಸೆಂಬರ್‌ನಲ್ಲಿ ಕೆಲಸ ನಿಲ್ಲಿಸುತ್ತಾನೆ. ಆಳುಗಳನ್ನು ಎಲ್ಲಿಂದ, ಯಾವಾಗ ತರುತ್ತೀರಿ ಎಂದು ಟೆಂಡರ್‌ನಲ್ಲೇ ಕೇಳಿ.

ಬಾಗಿಲಲ್ಲೇ ತಡೆಯುವ ಲೆಕ್ಕ

ಒಬ್ಬ ಗುತ್ತಿಗೆದಾರ ಒಂದೇ ಹೊತ್ತಿನಲ್ಲಿ ಹತ್ತು ಕೆಲಸ ಹಿಡಿದು ಎಲ್ಲವನ್ನೂ ಅರ್ಧಕ್ಕೆ ಬಿಟ್ಟಿರುವುದನ್ನು ನೀವೂ ನೋಡಿರಬಹುದು. ಇದನ್ನು ತಡೆಯುವ ಲೆಕ್ಕ ಕೆಡಬ್ಲ್ಯೂ-4 ಮಾದರಿ ದಾಖಲೆಯಲ್ಲೇ ಇದೆ. ಕಳೆದ 5 ವರ್ಷಗಳಲ್ಲಿ ಅವರು ಒಂದೇ ವರ್ಷದಲ್ಲಿ ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ ತೆಗೆದುಕೊಳ್ಳಿ. ಅದನ್ನು ಈ ಕಾಮಗಾರಿಯ ಅವಧಿಯಿಂದ, ವರ್ಷದ ಲೆಕ್ಕದಲ್ಲಿ, ಗುಣಿಸಿ. ಮತ್ತೆ 1.5ರಿಂದ ಗುಣಿಸಿ. ಬಂದದ್ದರಲ್ಲಿ, ಅದೇ ಅವಧಿಯಲ್ಲಿ ಅವರು ಮುಗಿಸಬೇಕಾದ ಬೇರೆ ಕೆಲಸಗಳ ಮೊತ್ತ ಕಳೆಯಿರಿ.

ಒಂದು ಉದಾಹರಣೆ ಹಾಕಿ ನೋಡೋಣ. ಒಳ್ಳೆಯ ವರ್ಷದಲ್ಲಿ 2 ಕೋಟಿ ಕೆಲಸ ಮಾಡಿದ್ದಾರೆ. ನಮ್ಮ ಕಾಮಗಾರಿ 6 ತಿಂಗಳದ್ದು, ಅಂದರೆ 0.5 ವರ್ಷ. ಎರಡನ್ನೂ 1.5ರ ಜೊತೆ ಗುಣಿಸಿದರೆ 1.5 ಕೋಟಿ. ಕೈಯಲ್ಲಿ ಈಗಾಗಲೇ 1.1 ಕೋಟಿ ಕೆಲಸ ಇದೆ. ಉಳಿದ ಸಾಮರ್ಥ್ಯ 40 ಲಕ್ಷ. ನಮ್ಮದು 1.2 ಕೋಟಿ ಕೆಲಸವಾದರೆ ಅವರಿಗೆ ಕೊಡುವ ಹಾಗಿಲ್ಲ, ದರ ಎಷ್ಟೇ ಕಡಿಮೆ ಇರಲಿ. ಈ ಲೆಕ್ಕ ನಿಲ್ಲುವುದು ಕೈಯಲ್ಲಿರುವ ಕೆಲಸಗಳ ಪಟ್ಟಿಯ ಮೇಲೆ. ಆ ಪಟ್ಟಿಯನ್ನು ಅವರು ಕೊಟ್ಟ ಹಾಗೇ ನಂಬಬೇಡಿ. ಪಕ್ಕದ ವಿಭಾಗಗಳಿಗೆ ಒಂದು ಪತ್ರ ಬರೆದು, ಕೆಪಿಪಿಪಿ ಪೋರ್ಟಲ್‌ನಲ್ಲಿ, ಅಂದರೆ ರಾಜ್ಯದ ಟೆಂಡರ್ ಜಾಲತಾಣದಲ್ಲಿ, ಅವರಿಗೆ ಸಿಕ್ಕ ಟೆಂಡರ್ ಹುಡುಕಿ ತಾಳೆ ನೋಡಿ.

ಅಂಕ ಕೊಡುವುದು: ಇಲ್ಲಿ ನಿಧಾನವಾಗಿ ಓದಿ

ಅಂಕದ ಪದ್ಧತಿಗೆ ಅನುಮತಿ ಸಿಕ್ಕಿತು ಅಂದುಕೊಳ್ಳಿ. ಹೆಚ್ಚಿನವರು ದರಕ್ಕೆ 70, ಗುಣಮಟ್ಟಕ್ಕೆ 30 ಎಂದು ಬರೆದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯಲಿಲ್ಲ. ನಾನೇ ಲೆಕ್ಕ ಹಾಕಿ ನೋಡಿದಾಗ ಆಶ್ಚರ್ಯವಾಯಿತು.

ಮೂವರು ಬಂದಿದ್ದಾರೆ ಎನ್ನಿ. ಮೊದಲನೆಯವರ ದರ 1.60 ಕೋಟಿ, ಗುಣಮಟ್ಟದಲ್ಲಿ 100ಕ್ಕೆ 62. ಎರಡನೆಯವರದು 1.86 ಕೋಟಿ, 84 ಅಂಕ. ಮೂರನೆಯವರದು 1.98 ಕೋಟಿ, 90 ಅಂಕ. ಕಡಿಮೆ ದರದವರಿಗೆ ದರದ 70 ಅಂಕವೂ ಪೂರ್ತಿ ಸಿಗುತ್ತದೆ. ಉಳಿದವರಿಗೆ, ಅತಿ ಕಡಿಮೆ ದರವನ್ನು ಅವರ ದರದಿಂದ ಭಾಗಿಸಿ 70ರಿಂದ ಗುಣಿಸುತ್ತಾರೆ. 100ಕ್ಕೆ ಬಂದ ಗುಣಮಟ್ಟದ ಅಂಕವನ್ನು 30ರ ಲೆಕ್ಕಕ್ಕೆ ಇಳಿಸುತ್ತಾರೆ. ಮೊದಲನೆಯವರಿಗೆ 70 ಮತ್ತು 18.6, ಒಟ್ಟು 88.6. ಎರಡನೆಯವರಿಗೆ 60.2 ಮತ್ತು 25.2, ಒಟ್ಟು 85.4. ಮೂರನೆಯವರಿಗೆ 56.6 ಮತ್ತು 27, ಒಟ್ಟು 83.6. ನೋಡಿದಿರಾ? ಇಷ್ಟೆಲ್ಲ ಮಾಡಿದ ಮೇಲೂ ಗೆದ್ದದ್ದು 62 ಅಂಕದವರೇ.

ಇದಕ್ಕೆ ಪರಿಹಾರ ಕನಿಷ್ಠ ಅಂಕ. ಗುಣಮಟ್ಟದಲ್ಲಿ 100ಕ್ಕೆ 70 ಬರದವರ ದರದ ಕವರ್ ತೆರೆಯುವುದೇ ಇಲ್ಲ ಎಂದು ಟೆಂಡರ್‌ನಲ್ಲಿ ಬರೆಯಿರಿ. ಆಗ ಮೊದಲನೆಯವರು ಹೊರಗೆ. ಉಳಿದ ಇಬ್ಬರಲ್ಲಿ ಎರಡನೆಯವರಿಗೆ 95.2, ಮೂರನೆಯವರಿಗೆ 92.8. ಒಳ್ಳೆಯ ಕೆಲಸದವರಲ್ಲಿ ಕಡಿಮೆ ದರದವರಿಗೆ ಕೆಲಸ ಸಿಕ್ಕಿತು. ನಮಗೆ ಬೇಕಿದ್ದುದು ಅದೇ ಅಲ್ವಾ? ಟೆಂಡರ್ ಪ್ರಕಟಿಸುವ ಮೊದಲು ಹೀಗೆ ನಾಲ್ಕಾರು ಬಗೆಯ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿ ನೋಡಿ. ಒಂದು ಮಧ್ಯಾಹ್ನದ ಕೆಲಸ, ಹತ್ತು ವರ್ಷ ಉಪಯೋಗಕ್ಕೆ ಬರುತ್ತದೆ.

ಯಾವುದಕ್ಕೆ ಅಂಕ? ನಾಲ್ಕು ಸಾಕು. ಎರಡು ಮಳೆಗಾಲ ಕಂಡ ಹಳೆಯ ಕೆಲಸಕ್ಕೆ 35. ಈ ಜಾಗಕ್ಕೇ ಬರೆದ ಕೆಲಸದ ಯೋಜನೆಗೆ 25. ಸ್ಥಳದಲ್ಲಿ ನಿಲ್ಲುವ ಎಂಜಿನಿಯರ್, ಮೇಸ್ತ್ರಿ ಮತ್ತು ಯಂತ್ರಗಳಿಗೆ 20. ಪರೀಕ್ಷೆ ಮಾಡಿಸುವ ವ್ಯವಸ್ಥೆಗೆ 20. ವಹಿವಾಟಿಗೆ ಅಂಕ ಕೊಡಬೇಡಿ. ಅದು ಬಾಗಿಲಲ್ಲಿ ನೋಡುವ ಅರ್ಹತೆ. ವಹಿವಾಟಿಗೆ ಅಂಕ ಕೊಟ್ಟರೆ ಯಾವಾಗಲೂ ದೊಡ್ಡವರೇ ಗೆಲ್ಲುತ್ತಾರೆ, ಊರಿನ ಒಳ್ಳೆಯ ಮೇಸ್ತ್ರಿ ಬೆಳೆದು ಗುತ್ತಿಗೆದಾರ ಆಗುವುದೇ ಇಲ್ಲ.

ನನಗೆ ತುಂಬ ನಂಬಿಕೆ ಇರುವುದು ಆ 35 ಅಂಕದ ಮೇಲೆ. ಗುತ್ತಿಗೆದಾರ ತಾನು ಮಾಡಿದ ಒಂದು ಕೆಲಸ ತೋರಿಸಬೇಕು. ಆ ಕೆಲಸ ಎರಡು ಮಳೆಗಾಲವಾದರೂ ದಾಟಿರಬೇಕು. ಟೆಂಡರ್ ಪರಿಶೀಲಿಸುವ ಸಮಿತಿಯವರು ಹೋಗಿ ಐದು ವಿಷಯ ನೋಡಬೇಕು: ರಸ್ತೆಯ ಅಂಚು ಉಳಿದಿದೆಯೇ, ಗುಂಡಿ ಬಿದ್ದಿದೆಯೇ, ಮೇಲೆ ನೀರು ನಿಲ್ಲುತ್ತದೆಯೇ, ಚರಂಡಿ ಹರಿಯುತ್ತಿದೆಯೇ, ಮೋರಿಯ ಬಾಯಿ ಕುಸಿದಿದೆಯೇ. ಒಂದೊಂದಕ್ಕೆ 7 ಅಂಕ. ಎಷ್ಟು ಗುಂಡಿಗೆ ಎಷ್ಟು ಅಂಕ ಕಡಿಮೆ ಎಂದು ಮೊದಲೇ ಬರೆದಿರಬೇಕು. ಪ್ರಮಾಣಪತ್ರ ಯಾರ ಹತ್ತಿರವಾದರೂ ಇರುತ್ತದೆ. ಎರಡು ವರ್ಷ ಮಳೆಯಲ್ಲಿ ನೆನೆದ ರಸ್ತೆ ಇರುವುದು ಕೆಲಸ ಮಾಡಿದವರ ಹತ್ತಿರ ಮಾತ್ರ.

ಅಂಕ ಎಂದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: "ತಮ್ಮವರಿಗೇ ಅಂಕ ಹಾಕಿಕೊಳ್ಳಲ್ವಾ?" ನ್ಯಾಯವಾದ ಪ್ರಶ್ನೆ. ಒಬ್ಬರ ಅಳತೆಗೇ ಹೊಲಿದ ಅಂಗಿಯ ಹಾಗೆ ಷರತ್ತು ಬರೆಯುವುದೂ ನಡೆಯುತ್ತದೆ. ಅದಕ್ಕೇ ಪ್ರತಿ ಅಂಕದ ಹಿಂದೆ ಅಳೆಯಬಹುದಾದ ಏನಾದರೂ ಇರಬೇಕು. "ಉತ್ತಮ", "ತೃಪ್ತಿಕರ" ಎಂಬ ಪದಗಳಿಗೆ ಅಂಕ ಇರಬಾರದು. ಸಮಿತಿಯ ಮೂವರು ಬೇರೆ ಬೇರೆ ಕುಳಿತು ಅಂಕ ಹಾಕಿ, ಸಹಿ ಮಾಡಿ, ಫೋಟೋ ಲಗತ್ತಿಸಿ, ಆಮೇಲೆ ದರದ ಕವರ್ ತೆರೆಯಬೇಕು. ಟೆಂಡರ್ ಒಪ್ಪುವ ಅಧಿಕಾರಿ ಹೋಲಿಕೆಯ ಪಟ್ಟಿಯನ್ನೂ ಕಾರಣವನ್ನೂ ಕೊಡಬೇಕು ಎಂದು ಕೆಟಿಪಿಪಿ ಅಧಿನಿಯಮದಲ್ಲೇ ಇದೆ. ಆದೇಶ ಒಪ್ಪಿಗೆಯಾಗದ ಟೆಂಡರ್‌ದಾರ ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನಿಮ್ಮ ಅಂಕಪಟ್ಟಿ ಆ ಮೇಲ್ಮನವಿಯನ್ನು ಎದುರಿಸುವ ಹಾಗಿರಲಿ.

ಅಂಕ ಬೇಡ ಎನ್ನುವವರಿಗೆ ನೆದರ್‌ಲ್ಯಾಂಡ್ಸ್‌ನವರ ದಾರಿ ಇದೆ. ಅವರು ಗುಣಮಟ್ಟಕ್ಕೆ ಹಣದಲ್ಲಿ ಬೆಲೆ ಕಟ್ಟಿ, ಹಾಕಿದ ದರದಿಂದ ಅದನ್ನು ಕಾಗದದ ಮೇಲೆ ಕಳೆದು ಹೋಲಿಸುತ್ತಾರೆ. ನಮಗೆ ಹೊಂದಿಸಿದರೆ ಹೀಗೆ: ಒಂದು ರಸ್ತೆಯ ರಿಪೇರಿಗೆ ವರ್ಷಕ್ಕೆ 6 ಲಕ್ಷ ಬೇಕು ಎನ್ನಿ. ಟೆಂಡರ್ ಕೇಳಿದ್ದು 2 ವರ್ಷದ ದೋಷ ಹೊಣೆ, ಅಂದರೆ ಕೆಲಸ ಮುಗಿದ ಮೇಲೆ ಅಷ್ಟು ಕಾಲ ದೋಷ ಕಂಡರೆ ಗುತ್ತಿಗೆದಾರನೇ ಸರಿಪಡಿಸಬೇಕು. ಒಬ್ಬರು 1.72 ಕೋಟಿಗೆ 2 ವರ್ಷ ಹೊಣೆ ಹೊರುತ್ತಾರೆ. ಇನ್ನೊಬ್ಬರು 1.84 ಕೋಟಿಗೆ 5 ವರ್ಷ. ಹೆಚ್ಚಿನ 3 ವರ್ಷಕ್ಕೆ 18 ಲಕ್ಷ ಕಳೆದರೆ ಎರಡನೆಯವರದು 1.66 ಕೋಟಿ, ಅವರೇ ಕಡಿಮೆ. ಕೊಡುವ ಹಣ ಮಾತ್ರ 1.84 ಕೋಟಿಯೇ. 5 ವರ್ಷದ ಹೊಣೆ ನಮಗೆ ಹೊಸದೂ ಅಲ್ಲ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಕಟ್ಟಿದವರೇ 5 ವರ್ಷ ನೋಡಿಕೊಳ್ಳಬೇಕು ಎಂಬ ಕರಾರು ಇದೆ.

ದರ ತೀರಾ ಕೆಳಗಿದ್ದರೆ

ಎಸ್ಟಿಮೇಟಿನ ದರದಲ್ಲಿ ಗುತ್ತಿಗೆದಾರನ ಲಾಭಕ್ಕೆ ಸಾಮಾನ್ಯವಾಗಿ ಶೇ 10 ಸೇರಿಸಿರುತ್ತಾರೆ. ಶೇ 22 ಬಿಲೋ ಅಂದರೆ ಲಾಭ ಪೂರ್ತಿ ಬಿಟ್ಟ ಮೇಲೂ ಶೇ 12ಕ್ಕಿಂತ ಹೆಚ್ಚು ಎಲ್ಲಿಂದಲೋ ಬರಬೇಕು. ಸ್ವಂತ ಕ್ರಷರ್, ಸ್ವಂತ ಲಾರಿ ಇದ್ದವರಿಗೆ ಸ್ವಲ್ಪ ಉಳಿಯಬಹುದು. ಇಲ್ಲದಿದ್ದರೆ ಅದು ಬರುವುದು ಸಿಮೆಂಟಿನಿಂದ, ಡಾಂಬರಿನ ದಪ್ಪದಿಂದ, ರೋಲರ್ ಓಡಿಸದೆ ಬಿಟ್ಟ ಗಂಟೆಗಳಿಂದ. ದರ ತುಂಬ ಕೆಳಗಿದ್ದರೆ ಮುಖ್ಯ ಐಟಂಗಳ ದರ ವಿಶ್ಲೇಷಣೆಯನ್ನು ಬರವಣಿಗೆಯಲ್ಲಿ ಕೇಳಿ: ಜಲ್ಲಿ ಯಾವ ಕ್ವಾರಿಯಿಂದ, ಎಷ್ಟು ದೂರ, ಕಂಬಿ ಯಾವ ಬೆಲೆಗೆ. ಕೆಲವು ಐಟಂಗೆ ಹೆಚ್ಚು, ಕೆಲವಕ್ಕೆ ತೀರಾ ಕಡಿಮೆ ಹಾಕಿದ ಟೆಂಡರ್‌ಗೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಅವಕಾಶ ಮಾದರಿ ದಾಖಲೆಯಲ್ಲೇ ಇದೆ. ಅದನ್ನು ಬಳಸಿ.

ಟೆಂಡರ್ ಪೂರ್ವ ಸಭೆಯನ್ನು ಕಾಮಗಾರಿಯ ಜಾಗದಲ್ಲೇ ಮಾಡಿ. ಅಲ್ಲಿ ಬಂದ ಪ್ರಶ್ನೆ, ಕೊಟ್ಟ ಉತ್ತರ ಎಲ್ಲವೂ ಎಲ್ಲರಿಗೂ ಪೋರ್ಟಲ್‌ನಲ್ಲಿ ಸಿಗಬೇಕು.

ಸಣ್ಣ ಗುತ್ತಿಗೆದಾರರಿಗೆ

ನೀವು ಒಳ್ಳೆಯ ಕೆಲಸ ಮಾಡಿ ದರದಲ್ಲಿ ಸೋಲುತ್ತಿದ್ದೀರಿ ಎಂದರೆ ಇವತ್ತಿನಿಂದಲೇ ಒಂದು ಫೈಲ್ ಇಡಿ. ಪ್ರತಿ ಕೆಲಸದ ಫೋಟೋ ಮೂರು ಸಲ: ಮುಚ್ಚುವ ಮೊದಲು, ಮುಗಿದ ದಿನ, ಒಂದು ಮಳೆಗಾಲ ಕಳೆದ ಮೇಲೆ. ಕ್ಯೂಬ್ ಪರೀಕ್ಷೆಯ, ಅಂದರೆ ಕಾಂಕ್ರೀಟಿನ ಘನವನ್ನು ಒತ್ತಿ ಬಲ ನೋಡುವ ಪರೀಕ್ಷೆಯ, ವರದಿ ಕಳೆಯಬೇಡಿ. ಎಂ-25 ಕಾಂಕ್ರೀಟ್ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲ ತೋರಿಸಿದ ಕಾಗದ ನಾಳೆ ನಿಮಗೆ ಅಂಕ. ಇನ್ನು ಬಿಲ್ಲಿನ ವಿಷಯ. ಬಿಲ್ ಯಾವಾಗ ಆಗುತ್ತದೋ ಗೊತ್ತಿಲ್ಲದೆ ಬಡ್ಡಿ ಸಾಲ ತಂದು ಕೆಲಸ ಮಾಡುವವರ ಕಷ್ಟ ನಾನು ಹತ್ತಿರದಿಂದ ನೋಡಿದ್ದೇನೆ. ಹಣ ತಡವಾದಷ್ಟೂ ಕೆಲಸದ ಗುಣ ಇಳಿಯುತ್ತದೆ. ಟೆಂಡರ್ ಕರೆಯುವವರು ಅನುದಾನ ಕೈಯಲ್ಲಿದೆ ಎಂದು ಖಾತ್ರಿ ಮಾಡಿಕೊಂಡೇ ಕರೆಯಬೇಕು. ಎಂ.ಬಿ. (ಮಾಡಿದ ಕೆಲಸವನ್ನು ಅಳೆದು ದಾಖಲಿಸುವ ಪುಸ್ತಕ) ಬರೆಯುವ ದಿನಗಳನ್ನೂ ಕರಾರಿನಲ್ಲಿ ಹಾಕಬೇಕು.

ಕೆಲಸ ಕೊಟ್ಟ ಮೇಲೆ

ಟೆಂಡರ್‌ನಲ್ಲಿ ಅವರು ಹೇಳಿದ ಎಂಜಿನಿಯರ್ ಸ್ಥಳದಲ್ಲಿ ಇದ್ದಾರೆಯೇ? ಬರೆದ ಯಂತ್ರ ಬಂದಿದೆಯೇ? ಅಂಕ ತಂದುಕೊಟ್ಟ ಪ್ರತಿಯೊಂದೂ ಕರಾರಿನ ಭಾಗ ಆಗಿರಬೇಕು, ಇಲ್ಲದಿದ್ದಕ್ಕೆ ಇಷ್ಟು ಹಣ ಕಡಿತ ಎಂದು ಬರೆದಿರಬೇಕು. ಇಲ್ಲವಾದರೆ ಎಲ್ಲ ಕಾಗದದಲ್ಲೇ ಉಳಿಯುತ್ತದೆ. ತಡೆಗೋಡೆಯ ಹಿಂಬದಿ, ಅಡಿಪಾಯ, ಕಂಬಿ ಕಟ್ಟಿದ್ದು, ಈ ಮೂರನ್ನು ಫೋಟೋ ತೆಗೆಯದೆ ಮುಚ್ಚಲು ಬಿಡಬೇಡಿ.

ಊರಿನವರಿಗೂ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದ ಕೇಳುವುದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಹೋಗಿ ನೋಡುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ಇದೆ. ಇದನ್ನು ಬಳಸುವವರು ಕಡಿಮೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರ 30 ದಿನದೊಳಗೆ ಬರಬೇಕು. ಗ್ರಾಮ ಪಂಚಾಯಿತಿ ಕೆಲಸವಾದರೆ ಜಮಾಬಂದಿಯ ದಿನ, ಅಂದರೆ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಊರವರ ಮುಂದೆ ಪರಿಶೀಲಿಸುವ ದಿನ, ಹೋಗಿ ಎಸ್ಟಿಮೇಟ್ ಕೈಯಲ್ಲಿ ಹಿಡಿದು ಟೇಪಿನಲ್ಲಿ ಅಳೆಯಿರಿ.

ದೋಷ ಹೊಣೆಯ ಅವಧಿಯಲ್ಲಿ ವರ್ಷಕ್ಕೆ ಎರಡು ಸಲ ಹೋಗಿ ನೋಡಿ. ಮೇ ಕೊನೆಯ ವಾರ ಚರಂಡಿ ಮತ್ತು ಮೋರಿ, ಅಕ್ಟೋಬರ್‌ನಲ್ಲಿ ಇಡೀ ಕೆಲಸ. ಕಂಡ ದೋಷವನ್ನು ಅದೇ ವಾರ ಪತ್ರದಲ್ಲಿ ಬರೆದು ಎಂಜಿನಿಯರ್ ಕಚೇರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಮ್ಮ ಶಾಲೆ ರಸ್ತೆಗೆ ಇನ್ನೂ ಹೊಣೆಯ ಅವಧಿ ಇತ್ತು. ಆದರೆ ಅವಧಿಯೊಳಗೆ ಯಾರೂ ಲಿಖಿತ ದೂರು ಕೊಟ್ಟಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಗುತ್ತಿಗೆದಾರನ ಠೇವಣಿ ಅವನಿಗೇ ವಾಪಸ್ ಹೋಯಿತು. ಅವಧಿ ಮುಗಿಯುವ ತಾರೀಖನ್ನು ಕಾರ್ಯಾದೇಶದಿಂದ ನೋಡಿಕೊಂಡು, ಅದಕ್ಕೆ ಎರಡು ತಿಂಗಳು ಮೊದಲಿನ ದಿನವನ್ನು ಪಂಚಾಯಿತಿ ಕಚೇರಿಯ ಗೋಡೆ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ.